ಕಬ್ಬಿನ ಟ್ರೈಲರಿನ ಮೇಲೆ ಹೊರಟ ದೋಣಿ

೨೦ ಜನವರಿ ೧೯೭೪, ಭಾನುವಾರ
ಮಂಡ್ಯ

ಇದು ಟೈರಿನ ಏಜೆಂಟರು ಪುಕ್ಕಟೆ ಕೊಟ್ಟ ಡೈರಿ. ಇಲ್ಲಿಯತನಕ ಹಾಳೆಗಳನ್ನು ಖಾಲಿ ಬಿಟ್ಟು ಇವತ್ತು ಬರೆಯಲು ಕೂತಿದ್ದೇನೆ. ಇವತ್ತು ಮಾಡಿಕೊಂಡು ಬಂದ ವ್ಯಾಪಾರವನ್ನು ಅಂಗಡಿ ಪುಸ್ತಕದಲ್ಲಿ ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ, ಅದಕ್ಕೆ.

ಮಳವಳ್ಳಿ ಹತ್ತಿರ ಒಂದು ಪಾಳು ಆಲೆಮನೆ. ಬೆಲ್ಲದ ಕೊಪ್ಪರಿಗೆ ಇರಬೇಕಾದ ಜಾಗದಲ್ಲಿ ಒಂದು ದೋಣಿ. ಮರದ್ದಲ್ಲ, ತಗಡಿನದಲ್ಲ, ಫೈಬರ್ ಗ್ಲಾಸಂತೆ. ಗಾಜಿನ ನೂಲಿಗೆ ರಾಳ ಕುಡಿಸಿ, ಅಚ್ಚಿನಲ್ಲಿ ಒಣಗಿಸಿ ಮಾಡಿದ್ದು. ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕಾವಿಗೆ ಕೂತ ಕೋಳಿ. ಎಬ್ಬಿಸಲು ಹೋದರೆ ಕೋಳಿ ನನ್ನ ಕೈ ಕುಕ್ಕಿತು. ಮಾಲೀಕರಿಗಿಂತ ಅದಕ್ಕೇ ದೋಣಿಯ ಮೇಲೆ ಹೆಚ್ಚು ಹಕ್ಕಿದ್ದ ಹಾಗೆ ಕಂಡಿತು.

ಮಾಲೀಕರು ಕಸ್ತೂರಿರಂಗ ಅಯ್ಯಂಗಾರರು. ಶಿವನಸಮುದ್ರದ ಕರೆಂಟು ಸ್ಟೇಷನ್ನಿನಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರಾಗಿ ಮಂಡ್ಯದಲ್ಲಿದ್ದಾರೆ. ಅಲ್ಲಿ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಊರಿಗೆ ಹಿಂದಿರುಗುವಾಗ ಈ ದೋಣಿ, ಅದರ ಮೋಟಾರು, ಅದನ್ನು ಹೊರುವ ಸಣ್ಣ ಟ್ರೈಲರು ಮೂರನ್ನೂ ಇವರಿಗೆ ಬಿಟ್ಟು ಹೋದನಂತೆ. ಒಂದೆರಡು ವರ್ಷ ಓಡಿಸಿದರು. ಆಮೇಲೆ ವರ್ಗ, ಮಕ್ಕಳ ಓದು, ಮಕ್ಕಳ ಮದುವೆ. ದೋಣಿ ಕೋಳಿಯ ಪಾಲಾಯಿತು.

"ಇದ್ನ ಇಟ್ಕೊಂಡು ನಾನೇನ್ ಮಾಡ್ಲಿ ಸ್ವಾಮಿ? ನಂಗೆ ಗೊತ್ತಿರೋದು ಕಬ್ಬು ಏರೋ ಟ್ರೈಲರು."

"ರಿಪೇರಿ ಮಾಡಿಸಿ ಒಂದು ಸಲ ನೀರಿಗೆ ಇಳಿಸಿ. ಮಾರೇಹಳ್ಳಿ ಕೆರೆಯಲ್ಲಿ ಏರಿಯಿಂದ ಆಚೆ ದಡದ ತನಕ ನಾನೇ ಓಡಿಸಬೇಕು. ಕಣ್ಣಲ್ಲಿ ನೋಡ್ತಾ ಓಡಿಸಬೇಕು. ಆಮೇಲೆ ದೋಣಿ ನಿಮ್ಮದು. ಮಾರಿಕೊಳ್ಳಿ, ಒಲೆಗೆ ಹಾಕಿ."

"ಏನವಸರ ಅಂತ?"

"ಅವಸರ ನನಗಲ್ಲ, ಇವಕ್ಕೆ" ಎಂದು ಕನ್ನಡಕ ತೆಗೆದು ತೋರಿಸಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಿದೆಯಂತೆ. ಔಷಧಿ ಬಿಟ್ಟುಕೊಳ್ಳುವುದಷ್ಟೇ, ವಾಸಿಯಾಗುವುದಿಲ್ಲ. ಒಂದು ವರ್ಷ ಕಾಣಬಹುದು ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ.

ಕೈ ಕೊಟ್ಟು ಒಪ್ಪಿಕೊಂಡೆ. ಬೆಂಗಳೂರಿನಲ್ಲಿ ಇಂಥದ್ದಕ್ಕೆ ಗಿರಾಕಿ ಸಿಕ್ಕೇ ಸಿಗುತ್ತದೆ. ಒಂದು ವರ್ಷ ಅಂದರೆ ಬೇಕಾದಷ್ಟಾಯಿತು. ನಮ್ಮ ಕಸುಬಿನಲ್ಲಿ ಒಂದು ವಾರ ಎಂದರೆ ಮೂರು ವಾರ. ಡಾಕ್ಟರ ಲೆಕ್ಕವೂ ಅದೇ ಜಾತಿಯದು.

೨೭ ಜನವರಿ

ದೋಣಿ ಶೆಡ್ಡಿಗೆ ಬಂತು. ಗುತ್ತಲು ರಸ್ತೆಯ ಜನ ಎಲ್ಲ ಬಂದು ನೋಡಿದರು. ಹೊಂಬಾಳಮ್ಮ ಬಾಗಿಲಲ್ಲೇ ನಿಂತು, "ಮನೇಲಿ ನೀರಿಲ್ದೆ ನಲ್ಲಿ ಮುಂದೆ ಬಿಂದಿಗೆ ಇಟ್ಕೊಂಡು ಕಾಯ್ತಾವ್ನಿ, ಯಜಮಾನ್ರು ದೋಣಿ ತಂದವ್ರೆ" ಅಂದಳು. ಹೆಂಡತಿ ಎಂದ ಮೇಲೆ ಇಷ್ಟಾದರೂ ಅನ್ನದಿದ್ದರೆ ಅನುಮಾನ ಪಡಬೇಕು.

ಹಳೆಯ ಟ್ರೈಲರಿನ ಬಗ್ಗೆ ಅಯ್ಯಂಗಾರರಿಗೂ ನನಗೂ ಮೊದಲ ಜಟಾಪಟಿ.

"ಮರಿಯಯ್ಯನೋರೆ, ಇದಕ್ಕೆ ಗ್ರೀಸ್ ಹಾಕಿ, ಟೈರ್ ಬದಲಾಯಿಸಿ. ಸಾಕು."

"ಈ ಸ್ಪ್ರಿಂಗ್ ಪಟ್ಟಿ ಎಂಥದು ಸ್ವಾಮಿ, ಹಪ್ಪಳ ಇದ್ದಂಗದೆ. ಎಮ್ಮೆಕರ ಏರುದ್ರೂ ನೆಲಕ್ಕೆ ಕೂತ್ಕತದೆ."

"ದೋಣಿ ಎಮ್ಮೆಕರ ಅಲ್ಲವಲ್ಲ. ಹಗುರದ ಸಾಮಾನಿಗೆ ಮೆತ್ತಗಿನ ಪಟ್ಟಿಯೇ ಬೇಕು."

ಮೂವತ್ತು ವರ್ಷ ಸ್ವಿಚ್ಚು ಒತ್ತಿದವರು ನನಗೆ ಸ್ಪ್ರಿಂಗಿನ ಪಾಠ ಹೇಳುತ್ತಾರೆ. ನಾನು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಮೇಲೆ ಬಂದವನು. ಮರಿಯಯ್ಯನ ಟ್ರೈಲರು ರಸ್ತೆಯಲ್ಲಿ ಕೂತದ್ದನ್ನು ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ಕಂಡವರಿಲ್ಲ. ನನ್ನ ಶೆಡ್ಡಿನಿಂದ ಹೊರಟದ್ದು ನನ್ನ ಸ್ಪ್ರಿಂಗಿನ ಮೇಲೇ ಹೋಗಬೇಕು. ಹಳೆಯದನ್ನು ಹಿತ್ತಲ ಗುಜರಿಗೆ ಎಳೆಸಿದೆ.

೯ ಫೆಬ್ರವರಿ

ವೆಲ್ಡರ್ ಕರಿಯಯ್ಯ ದೋಣಿಯನ್ನು ಉಜ್ಜಿ ತೊಳೆದ. ಹಿಕ್ಕೆಯ ಕೆಳಗಿನಿಂದ ಹಳದಿ ಬಣ್ಣ ಹೊರಗೆ ಬಂತು, ಮಾಸಿದ ಹಳದಿ. ಅಯ್ಯಂಗಾರರು ದಿನಾ ಸೈಕಲ್ಲಿನಲ್ಲಿ ಬಂದು ಮೋಟಾರಿನ ಮುಂದೆ ಕೂರುತ್ತಾರೆ. ಇವತ್ತು ಅದನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಶುರು ಮಾಡಿದರು. ಅರ್ಧ ಡ್ರಮ್ಮು ನೀರು ನನ್ನ ಮೈಮೇಲೆ ಬಂತು. ಮಿಕ್ಕಿದ್ದು ಕರಿಯಯ್ಯನ ಮೇಲೆ.

"ಎಣ್ಣೆ ಸ್ನಾನ ಇಲ್ದೆ ದೀಪಾವಳಿ ಆಯ್ತಲ್ಲ ಸ್ವಾಮಿ" ಅಂದ ಅವನು. ಅಯ್ಯಂಗಾರರು ಮಗುವಿನ ಹಾಗೆ ನಕ್ಕರು.

ಮೋಟಾರಿನ ಮೇಲಿನ ಹಿತ್ತಾಳೆ ತಗಡಿನಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಮಾರು ದೂರದಿಂದಲೇ ಓದಿ ಹೇಳಿದರು. ಈ ಕಣ್ಣಿಗೆ ವರ್ಷ ಏನು, ಎರಡು ವರ್ಷಕ್ಕೂ ಮೋಸವಿಲ್ಲ.

೩ ಮಾರ್ಚ್

ಟ್ರೈಲರು ಮುಗಿಯಿತು. ನೋಡಿದರೆ ಎದೆ ತುಂಬಬೇಕು ಹಾಗಿದೆ. ಕಬ್ಬಿನ ಟ್ರೈಲರಿನ ಪಟ್ಟಿಗಳೇ, ಅದೇ ಅಚ್ಚು. ದೋಣಿಯ ಕೆಳಗೆ ಅಡ್ಡಕ್ಕೆ ಎರಡು ಕಬ್ಬಿಣದ ತೊಲೆ. ಪಕ್ಕದಲ್ಲಿ ಕೆಂಪು ಅಕ್ಷರ: ಮರಿಯಯ್ಯ ಟ್ರೈಲರ್ ವರ್ಕ್ಸ್, ಗುತ್ತಲು ರಸ್ತೆ, ಮಂಡ್ಯ.

"ನಾಳೆಯೇ ಹೋಗೋಣವೆ? ಕೆರೆ ತುಂಬ ನೀರಿದೆ, ಬೆಳ್ಳೂರಿನ ಕೊಕ್ಕರೆಗಳು ಮೇಯಲು ಬಂದಿವೆಯಂತೆ" ಅಂದರು ಅಯ್ಯಂಗಾರರು.

ಕಬ್ಬಿನ ಬಟವಾಡೆಯ ಸಮಯ. ರೈತರು ಕಿಸೆಯಲ್ಲಿ ದುಡ್ಡಿಟ್ಟುಕೊಂಡು ಇದೇ ರಸ್ತೆಯಲ್ಲಿ ಓಡಾಡುತ್ತಾರೆ. ನನ್ನ ಟ್ರೈಲರಿನ ಮೇಲೆ ದೋಣಿ ನಿಂತಿದ್ದರೆ ನಿಂತು ನೋಡದವನು ಯಾರು? ನೋಡಿದವನು ಟ್ರೈಲರನ್ನೂ ನೋಡುತ್ತಾನೆ.

"ಒಂದೆರಡು ಬಾನುವಾರ ಶೆಡ್ ಮುಂದೆ ನಿಂತಿರ್ಲಿ ಬುಡಿ ಸ್ವಾಮಿ. ಕೆರೆ ಎಲ್ಗೆ ಓಡೋಯ್ತದೆ?"

"ಕೆರೆ ಎಲ್ಲಿಗೂ ಹೋಗಲ್ಲ" ಎಂದು ಕನ್ನಡಕ ಒರೆಸಿಕೊಂಡರು.

೧೭ ಮಾರ್ಚ್

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮುಂಜಾನೆ ಹೊರಟೆವು. ಕರಿಯಯ್ಯ ಟ್ರಾಕ್ಟರಿನಲ್ಲಿ, ಹಿಂದೆ ದೋಣಿ. ಬಸ್ಸಿನಲ್ಲಿ ಬನ್ನಿ ಎಂದರೆ ಕೇಳದೆ ಅಯ್ಯಂಗಾರರೂ ನನ್ನ ಜೊತೆ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೇ ಕೂತರು. ಕೈಯಲ್ಲಿ ಅವರ ಹೆಂಡತಿ ಪಂಕಜಮ್ಮನವರು ಕಟ್ಟಿಕೊಟ್ಟ ಪುಳಿಯೋಗರೆ. ದೋಣಿಯನ್ನು ಕಬ್ಬಿನ ಹೊರೆ ಬಿಗಿಯುವ ಹಾಗೆ ಹಗ್ಗ ಹಾಕಿ, ಗೂಟ ತಿರುವಿ ಬಿಗಿದಿದ್ದೆ. ಮದ್ದೂರಿನ ತನಕ ರಸ್ತೆ ಚೆನ್ನಾಗಿತ್ತು. ಆಮೇಲೆ ಮಳವಳ್ಳಿ ರಸ್ತೆ, ಮಾರಿಗೊಂದು ಗುಂಡಿ. ಟ್ರೈಲರು ಕಲ್ಲಿನ ಹಾಗೆ ಎದ್ದೆದ್ದು ಬೀಳುತ್ತಿತ್ತು. ಅಯ್ಯಂಗಾರರು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ನಾನು ನೋಡಲಿಲ್ಲ. ನನ್ನ ಟ್ರೈಲರಿನ ಮೇಲೆ ನನಗೆ ಅಷ್ಟು ನಂಬಿಕೆ.

ಕೆರೆ ಏರಿಯ ಮೇಲೆ ದೋಣಿ ಇಳಿಸಿ ಪಕ್ಕಕ್ಕೆ ಹೊರಳಿಸಿದಾಗ ಕಂಡಿತು. ಹಿಂದಿನ ತೊಲೆ ತಗುಲಿದ ಕಡೆ ತೋಳುದ್ದದ ಬಿರುಕು, ಅದರ ಸುತ್ತ ಜೇಡರ ಬಲೆಯ ಹಾಗೆ ಬಿಳಿ ಗೆರೆಗಳು. ನಾಲ್ಕು ಟನ್ನು ಹೊತ್ತರೆ ಬಾಗುವ ಪಟ್ಟಿ ನನ್ನದು. ಹೊರೆ ಇಲ್ಲದಾಗ ಬಾಗುವುದಿಲ್ಲ. ರಸ್ತೆಯ ಪೆಟ್ಟನ್ನೆಲ್ಲ ಹಾಗೇ ಮೇಲಕ್ಕೆ ದಾಟಿಸುತ್ತದೆ. ಕಬ್ಬಿಗೆ ಪೆಟ್ಟು ಬಿದ್ದರೆ ಕಬ್ಬು ಕೇಳುತ್ತದೆಯೇ? ದೋಣಿ ಕೇಳಿತು.

ಅಯ್ಯಂಗಾರರು ಬೈಯಲಿಲ್ಲ. ಬಿರುಕಿನ ಮೇಲೆ ಬೆರಳಾಡಿಸಿ, "ಟಾರು ಸಿಗುತ್ತಾ ನೋಡಿ. ಹರಿಗೋಲಿಗೆ ಹಚ್ಚುವ ಹಾಗೆ ಗೋಣಿ ಬಟ್ಟೆ ಇಟ್ಟು ಟಾರು ಬಳಿಯೋಣ. ಒಂದು ಸುತ್ತಿಗೆ ತಡೆಯುತ್ತೆ" ಅಂದರು.

"ತಡೀತದೆ ಕಣಣ್ಣ" ಅಂದ ಕರಿಯಯ್ಯ. "ರೋಡ್ ಕೆಲ್ಸದೋರ್ ತಾವ ಡಬ್ಬ ಇತ್ತು. ಓಗಿ ತತ್ತೀನಿ."

ಅಷ್ಟು ಹೊತ್ತಿಗೆ ಏರಿಯ ಮೇಲೆ ಜಾತ್ರೆಯಷ್ಟು ಜನ. ಟ್ರೈಲರಿನ ಪಕ್ಕದಲ್ಲಿ ನನ್ನ ಹೆಸರು ಕೆಂಪು ಅಕ್ಷರದಲ್ಲಿ. ಟಾರು ಮೆತ್ತಿದ ದೋಣಿ ನಡುನೀರಿನಲ್ಲಿ ನೀರು ಕುಡಿದರೆ ನಾಳೆ ಮಳವಳ್ಳಿ ಸಂತೆಯಲ್ಲಿ ಮಾತು ಏನಾಗುತ್ತದೆ ಎಂದು ನನಗೆ ಗೊತ್ತು.

"ಬ್ಯಾಡ ಸ್ವಾಮಿ. ಮಾಡುದ್ರೆ ಸರಿಯಾಗ್ ಮಾಡವ. ಯುಗಾದಿ ಕಳೀಲಿ, ಒಸಾದ್ ಮಾಡ್ದಂಗ್ ಮಾಡ್ಕೊಡ್ತೀನಿ."

ಅವರು ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಬೇಡವೆಂದೆ. ಆಮೇಲೆ ಅವರು ಏರಿಯ ಕಲ್ಲಿನ ಮೇಲೆ ಕೂತು ಕೆರೆ ನೋಡುತ್ತಲೇ ಇದ್ದರು. ಆಚೆ ದಡದಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಹಿಂಡಾಗಿ ತೇಲುತ್ತಿದ್ದವು. ನಾವು ಪುಳಿಯೋಗರೆ ತಿಂದು ಕೈ ತೊಳೆದರೂ ಅವರು ಎದ್ದಿರಲಿಲ್ಲ. ಮುನಿಸಿಕೊಂಡಿದ್ದಾರೆ ಅಂದುಕೊಂಡೆ.

೨೪ ಮಾರ್ಚ್, ಯುಗಾದಿ

ಆನಂದನಾಮ ಸಂವತ್ಸರವಂತೆ. ಹೆಸರಿಡುವವರಿಗೇನು.

೧೪ ಏಪ್ರಿಲ್

ಬೆಂಗಳೂರಿನಿಂದ ರಾಳದ ಡಬ್ಬ, ಗಾಜುನೂಲಿನ ಚಾಪೆ ತಂದೆ. ರಾಳಕ್ಕೆ ಗಟ್ಟಿಯಾಗುವ ಮದ್ದನ್ನು ಹನಿ ಲೆಕ್ಕದಲ್ಲಿ ಬೆರೆಸಬೇಕು. ಬೇಗ ಒಣಗಲಿ ಎಂದು ನಾನು ಧಾರಾಳವಾಗಿ ಸುರಿದೆ. ತಗಡಿನ ಶೆಡ್ಡು, ಮೇಲೆ ಬಿಸಿಲು. ಕರಿಯಯ್ಯ ಕುಂಚ ಹುಡುಕುವಷ್ಟರಲ್ಲಿ ಡಬ್ಬ ಹೊಗೆಯಾಡಿತು, ಕುದಿಯಿತು, ಕಲ್ಲಾಯಿತು. ಕುಂಚವನ್ನು ಅದರಲ್ಲೇ ಸಮಾಧಿ ಮಾಡಿದೆವು.

"ದುಡ್ಡೆಲ್ಲ ಬೆಲ್ಲದ್ ಅಚ್ಚಾಯ್ತಲ್ಲಣ್ಣ" ಅಂದ ಕರಿಯಯ್ಯ.

ಮತ್ತೆ ತರಿಸಬೇಕು. ಬೆಂಗಳೂರಿನಲ್ಲಿ ಮುಗಿದಿದೆಯಂತೆ. ಮದರಾಸಿನಿಂದ ರೈಲಿನಲ್ಲಿ ಬರಬೇಕಂತೆ.

ಅಯ್ಯಂಗಾರರು ಜಟಕಾದಲ್ಲಿ ಬಂದರು. ಸೈಕಲ್ಲು ಪಂಚರಂತೆ.

೧೧ ಮೇ

ರೈಲು ಮುಷ್ಕರ. ನನ್ನ ರಾಳ ಯಾವ ಸ್ಟೇಷನ್ನಿನ ಯಾವ ಡಬ್ಬಿಯಲ್ಲಿ ಕೂತಿದೆಯೋ. ಹೋಗಿ ವಿಚಾರಿಸಿದರೆ ಸ್ಟೇಷನ್ನಿನಲ್ಲಿ ಒಬ್ಬ ಪೊಲೀಸು, ಒಂದು ನಾಯಿ.

ಅಯ್ಯಂಗಾರರ ಸೈಕಲ್ಲು ಇನ್ನೂ ಪಂಚರೇ. ಇಷ್ಟು ದಿನ ಒಂದು ಪಂಚರ್ ಹಾಕಿಸದವರನ್ನು ನಾನು ಕಂಡಿಲ್ಲ. ಇವತ್ತು ಪಂಕಜಮ್ಮನವರ ಜೊತೆ ನಡೆದು ಬಂದರು, ಆಕೆಯ ಸೆರಗಿನ ತುದಿ ಕೈಯಲ್ಲಿ. ಈ ವಯಸ್ಸಿನಲ್ಲಿ ಹೊಸ ಮದುಮಕ್ಕಳ ಹಾಗೆ. ಹೊಂಬಾಳಮ್ಮನಿಗೆ ಹೇಳಿದೆ. "ನೋಡಿ ಕಲ್ತ್ಕಳಿ" ಅಂದಳು.

೨ ಜೂನ್

ರಾಳ ಬಂತು. ಈ ಸಲ ಹನಿ ಲೆಕ್ಕ. ಬೆಳಗಿನ ತಂಪಿನಲ್ಲಿ ಒಳಗೂ ಹೊರಗೂ ಚಾಪೆ ಕೂರಿಸಿದೆವು. ಗಟ್ಟಿಯಾಗಿ ಹಿಡಿದಿದೆ.

ಕೆರೆ ನೋಡಿಕೊಂಡು ಬಾ ಎಂದು ಕರಿಯಯ್ಯನನ್ನು ಕಳಿಸಿದ್ದೆ. "ಕೆರೆ ನಡುವೆ ಎಮ್ಮೆ ಮಲ್ಗವೆ ಕಣಣ್ಣ, ಮೊಣಕಾಲುದ್ದ ನೀರಿಲ್ಲ" ಎಂದು ಬಂದು ಹೇಳಿದ. ಇನ್ನು ಹಿಂಗಾರು ಹಿಡಿದು ಕೆರೆ ತುಂಬುವ ತನಕ ಕಾಯಬೇಕು.

ಅಯ್ಯಂಗಾರರಿಗೆ ಹೇಳಲು ಅವರ ಮನೆಗೆ ಹೋಗಿದ್ದೆ. "ತುಂಬಲಿ ಬಿಡಿ, ಆಗ ಹೋದರಾಯಿತು" ಅಂದರು. ನನ್ನ ಲೋಟಕ್ಕೆ ತಾವೇ ಕಾಫಿ ಬಗ್ಗಿಸಿಕೊಟ್ಟರು, ಲೋಟದೊಳಗೆ ಒಂದು ಬೆರಳಿಟ್ಟುಕೊಂಡು. ಮಡಿ ಜನ, ಹೀಗೆ ಮಾಡಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ಬಿಸಿ ನೋಡಿದರೋ ಏನೋ. ಬೆರಳು ತಾಗಿದ ಕಾಫಿ ಎಂದು ಬಿಡಲಾಗುತ್ತದೆಯೇ, ಕುಡಿದೆ. ಒಳ್ಳೆಯ ಕಾಫಿ.

೨೧ ಜುಲೈ

ಬಣ್ಣ ಬಳಿದೆ. ಕೆಂಪು. ಹಳದಿಯೇ ಇರಲಿ ಎಂದು ಅವರು ಮೊದಲ ದಿನದಿಂದ ಹೇಳುತ್ತಿದ್ದರು. ಆದರೆ ನನ್ನ ಟ್ರೈಲರಿಗೆಂದು ತಂದ ಕೆಂಪು ಮಿಕ್ಕಿತ್ತು, ಹಳದಿ ಹೊಸದಾಗಿ ತರಬೇಕಿತ್ತು. ಜೊತೆಗೆ ಬೆಂಗಳೂರಿನ ಗಿರಾಕಿಗೆ ಕೆಂಪೇ ಕಣ್ಣಿಗೆ ಬೀಳುವುದು. ಜಗಳಕ್ಕೆ ಏನೇನು ಜವಾಬು ಕೊಡಬೇಕೋ ಎಲ್ಲ ನಾಲಗೆ ತುದಿಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಬಂದರು. ದೋಣಿಯ ಮೂತಿಯಿಂದ ಹಿಂದಿನ ತನಕ ಕೈಯಾಡಿಸಿಕೊಂಡು ನಡೆದರು. "ನುಣುಪಾಗಿದೆ" ಅಂದರು. ಆಮೇಲೆ ಹಿಂದೆ ಸರಿದು ನಿಂತು, ತಲೆ ಓರೆ ಮಾಡಿ, "ಹಳದಿ ಚೆನ್ನಾಗಿ ಬಂದಿದೆ ಮರಿಯಯ್ಯನೋರೆ. ಮೊದಲು ಹೇಗಿತ್ತೋ ಹಾಗೇ" ಅಂದರು.

ಕರಿಯಯ್ಯ ನನ್ನ ಮುಖ ನೋಡಿದ. ನನಗೆ ಮೈ ಉರಿದುಹೋಯಿತು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆಳಿನ ಮುಂದೆ ಹೀಗೆ ಕೊಂಕು ಮಾತಾಡಿ ಚುಚ್ಚುವುದು ಓದಿದವರ ಬುದ್ಧಿ.

"ಬಣ್ಣ ಇಡುಸ್ದೇ ಇದ್ರೆ ಇಡುಸ್ಲಿಲ್ಲ ಅನ್ನಿ ಸ್ವಾಮಿ. ಈ ಆಟ ಬ್ಯಾಡ" ಎಂದು ಒಳಗೆ ಹೋದೆ. ಅವರನ್ನು ಆಮೇಲೆ ಹೊರಗೆ ಕಾಯುತ್ತಿದ್ದ ಪಂಕಜಮ್ಮ ಕರೆದುಕೊಂಡು ಹೋದರಂತೆ.

೨೮ ಜುಲೈ

ವಾರವಾಯಿತು, ಬಂದಿಲ್ಲ. ಬರದಿದ್ದರೆ ನನಗೇನು. ನಾನೇ ಹೋಗಿ ಕರೆಯುವವನಲ್ಲ.

೪ ಆಗಸ್ಟ್

ಪಂಕಜಮ್ಮ ಒಬ್ಬರೇ ಬಂದರು. ಶೆಡ್ಡಿನ ಹೊರಗೆ ನಿಂತು ದೋಣಿಯನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಕೇಳಿದರು, "ಇದು ಕೆಂಪು ಅಲ್ಲವೇನ್ರಿ?"

"ಕೆಂಪೇ ಕಣಮ್ಮ."

"ಮನೆಗೆ ಬಂದ ಮೇಲೆ ನನ್ನನ್ನು ಕೇಳಿದರು. ಹಳದಿ ಅಂತಲೇ ಅಂದುಬಿಟ್ಟೆ. ಹಳದಿಯೇ ತಾನೆ, ಮತ್ತೆ ಮರಿಯಯ್ಯನವರಿಗೆ ಯಾಕೆ ಕೋಪ ಬಂತು ಅಂತ ಅವತ್ತಿಂದ ಅದನ್ನೇ ಹಿಡಿದು ಕೂತಿದ್ದಾರೆ."

ನನಗೆ ಇನ್ನೂ ತಿಳಿಯಲಿಲ್ಲ. ಮಾತು ಮಾರಿ ಬದುಕಿದವನಿಗೆ ಎದುರಿನವರ ಮಾತು ಅಷ್ಟು ನಿಧಾನ ಇಳಿಯುತ್ತದೆ.

"ಯುಗಾದಿ ದಿನ ಬೇವುಬೆಲ್ಲದ ಬಟ್ಟಲು ಕೈಗೆ ಕೊಟ್ಟರೆ ಆಚೆ ಕೈ ಚಾಚಿದರು. ಆಮೇಲೆ ಬರೀ ನೆರಳು ಕಾಣ್ತಿತ್ತು. ಆಷಾಢಕ್ಕೆ ಅದೂ ಇಲ್ಲ."

"ಒಂದ್ ವರ್ಸ ಅಂದಿದ್ರಲ್ಲಮ್ಮ ಡಾಕ್ಟರು."

"ಅಂದಿದ್ದರು."

"ನಂಗ್ಯಾಕೆ ಒಬ್ರೂ ಯೋಳ್ಲಿಲ್ಲ?"

"ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದರು. ಗೊತ್ತಾದರೆ ಅವರು ಕನಿಕರಕ್ಕೆ ಕೆಲಸ ಮಾಡ್ತಾರೆ, ಕನಿಕರದ ಕೆಲಸ ಬಾಳಿಕೆ ಬರಲ್ಲ ಅಂತ. ಈಗ ಕೋಪ ಮಾಡಿಕೊಂಡಿದ್ದೀರಿ ಅಂತ ಹೇಳ್ತಿದ್ದೀನಿ. ಆಣೆ ಮುರಿದ ಪಾಪ ನನಗಿರಲಿ. ಬಂದು ಒಂದು ಮಾತಾಡಿ."

೫ ಆಗಸ್ಟ್

ಹೋದೆ. ನನಗೆ ಗೊತ್ತಾಯಿತು ಎಂದು ಹೇಳಲಿಲ್ಲ. "ಅವತ್ತು ತಲೆ ಕೆಟ್ಟಿತ್ತು ಸ್ವಾಮಿ" ಅಂದೆ. "ನನಗೂ ಒಂದೊಂದು ದಿನ ಕೆಟ್ಟಿರುತ್ತೆ" ಅಂದರು. ಕಾಫಿ ಬಗ್ಗಿಸಿಕೊಟ್ಟರು.

೧೧ ಆಗಸ್ಟ್

ಕೆಂಪನ್ನೆಲ್ಲ ಉಜ್ಜಿ ತೆಗೆಸುತ್ತಿದ್ದೇನೆ.

"ಯಾಕಣ್ಣ, ಚೆಂದಾಗಿತ್ತಲ್ಲ?" ಎಂದು ಕರಿಯಯ್ಯ ಕೇಳಿದ. ಹಳದಿಗೇ ಬೆಂಗಳೂರಿನಲ್ಲಿ ಹೆಚ್ಚು ಗಿರಾಕಿ ಎಂದು ಹೇಳಿದೆ. ಅವನು ಮತ್ತೆ ಉಪ್ಪುಕಾಗದ ಹಿಡಿದ.

೧ ಸೆಪ್ಟೆಂಬರ್

ಹಳದಿ ಸರಿಯಾಗಿ ಕೂಡುತ್ತಿಲ್ಲ. ಹಳೆಯ ಬಣ್ಣದ ಒಂದು ಚಕ್ಕೆ ಸೀಟಿನ ಕೆಳಗೆ ಉಳಿದಿತ್ತು, ಅದನ್ನು ಕೆತ್ತಿ ಜೇಬಿನಲ್ಲಿಟ್ಟುಕೊಂಡು ಮೈಸೂರಿಗೆ ಹೋಗಿ ಅಂಗಡಿ ಅಂಗಡಿ ತಿರುಗಿದೆ. ಒಂದು ಕಡೆ ಹಳದಿಗೆ ಚೂರು ಬಿಳಿ, ಚೂರು ಕಾವಿ ಬೆರೆಸಿ ಕೊಟ್ಟರು. ಬಂದು ಬಳಿದು, ಒಣಗಿದ ಮೇಲೆ ಚಕ್ಕೆ ಪಕ್ಕದಲ್ಲಿಟ್ಟು ನೋಡಿದರೆ ಒಂದು ಚೂರು ಕಪ್ಪು ಹೆಚ್ಚು. ಮತ್ತೆ ಉಜ್ಜಿಸಿದೆ.

ಹೊಂಬಾಳಮ್ಮ ಊಟಕ್ಕೆ ಕರೆಯಲು ಬಂದವಳು ನಿಂತು ನೋಡಿದಳು. "ಯಾರ್ ನೋಡ್ಬೇಕು ಅಂತ ಇಂಗೆ?" ಅಂದಳು. ಎಲ್ಲ ತಿಳಿದೇ ಕೇಳಿದಳು. ಪಂಕಜಮ್ಮ ಅವಳಿಗೂ ಹೇಳಿರಬೇಕು. ಗಿರಾಕಿಯ ಮಾತೆತ್ತಿದೆ. "ಸರಿ, ಉಣ್ಣೋಕ್ ಬನ್ನಿ" ಎಂದು ಹೋದಳು.

ಗುಜರಿಯಿಂದ ಹಳೆಯ ಟ್ರೈಲರು ತೆಗೆಸಿದೆ. ಗ್ರೀಸ್ ಹಾಕಿ, ಟೈರ್ ಬದಲಾಯಿಸಿದೆ. ಸಾಕಾಯಿತು.

ಮದ್ದೂರಿನಿಂದ ಇಬ್ಬರು ಕಬ್ಬಿನ ಟ್ರೈಲರಿಗೆ ಬಂದಿದ್ದರು. ಈ ತಿಂಗಳು ಆಗುವುದಿಲ್ಲ, ಬೇರೆ ಕಡೆ ನೋಡಿ ಅಂದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದು ಅವರಿಗೆ ನಂಬಿಕೆ ಬರಲಿಲ್ಲ. ದರ ಏರಿಸಲು ಹೂಡಿದ ಆಟ ಅಂದುಕೊಂಡು ಇನ್ನಷ್ಟು ಹೊತ್ತು ಕೂತಿದ್ದರು.

೨೯ ಸೆಪ್ಟೆಂಬರ್

ಮಳೆ. ಕೆರೆ ಮುಕ್ಕಾಲು ತುಂಬಿದೆಯಂತೆ.

೧೪ ಅಕ್ಟೋಬರ್

ನಿನ್ನೆ ಹೋಗಿ ಬಂದೆವು. ಬಂದ ಮೇಲೆ ಬರೆಯಲಾಗಲಿಲ್ಲ, ಇವತ್ತು ಬರೆಯುತ್ತಿದ್ದೇನೆ.

ಹಳೆಯ ಟ್ರೈಲರು ಮಳವಳ್ಳಿ ರಸ್ತೆಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತ ಬಂತು. ಕರಿಯಯ್ಯ ಟ್ರಾಕ್ಟರಿನಲ್ಲಿ, ನಾನು, ಅಯ್ಯಂಗಾರರು, ಪಂಕಜಮ್ಮನವರು ಬಾಡಿಗೆ ಕಾರಿನಲ್ಲಿ ಹಿಂದೆ. ಬಿರುಕಿಲ್ಲ, ಗೆರೆಯಿಲ್ಲ. ಏರಿಯ ಮೇಲೆ ಜನವೂ ಇರಲಿಲ್ಲ. ದನ ಕಾಯುವವನೊಬ್ಬ, ಬಟ್ಟೆ ಒಗೆಯುವ ಹೆಂಗಸರು ನಾಲ್ಕು ಜನ.

ಅಯ್ಯಂಗಾರರು ಚಕ್ರ ಹಿಡಿದು ಕೂತರು. ನಾನು ಪಕ್ಕದಲ್ಲಿ, ದಾರಿ ಹೇಳಲು. ನನಗೆ ಗೊತ್ತೆಂಬುದು ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು. ಮೋಟಾರು ಒಂದೇ ಎಳೆತಕ್ಕೆ ಹಿಡಿಯಿತು. ದೋಣಿಯ ಮೂತಿ ಎದ್ದಿತು. ನನಗೆ ಈಜು ಬರುವುದಿಲ್ಲ ಎಂಬುದು ಆ ಗಳಿಗೆಯಲ್ಲೇ ಜ್ಞಾಪಕಕ್ಕೆ ಬರಬೇಕೆ?

"ಎಡಕ್ಕೆ ಸ್ವಾಮಿ, ಅಲ್ಲೊಂದು ಜಾಲಿಮರದ ಬುಡ ಅದೆ. ಆಂ, ಈಗ ನೆಟ್ಟಗೆ. ಬಲಗಡೆ ಗುಡ್ಡದ ಮ್ಯಾಲೆ ಮೋಡ ಅದೆ, ನೀರು ಒಳ್ಳೆ ಎಳನೀರಿನ ಬಣ್ಣ ಆಗದೆ, ಬೆಳ್ಳಕ್ಕಿ ಎರಡು ಎದ್ದೋ, ಅಗೋ ಆ ಕಡೆ ಗದ್ದೆ ಪೈರು..."

ನಾನು ಬಿಡದೆ ಮಾತಾಡಿದೆ. ಕಾಣುವುದನ್ನೆಲ್ಲ ಅವರಿಗೆ ಮಾತಿನಲ್ಲಿ ಕಟ್ಟಿಕೊಟ್ಟುಬಿಡೋಣ ಎಂದು. ಅವರು ಸ್ವಲ್ಪ ಹೊತ್ತು ಕೇಳಿದರು.

"ಮರಿಯಯ್ಯನೋರೆ, ದಾರಿ ಅಷ್ಟು ಹೇಳಿ. ಮಿಕ್ಕಿದ್ದು ಬೇಡ. ನೀವು ಹೇಳ್ತಾ ಇದ್ದರೆ ನನಗೆ ಕೆರೆ ಕಾಣೋದಿಲ್ಲ, ನಿಮ್ಮ ಶೆಡ್ಡು ಕಾಣುತ್ತೆ."

ಬಾಯಿ ಮುಚ್ಚಿದೆ. ಆಚೆ ದಡದ ಜೊಂಡಿನ ತನಕ ಹೋಗಿ ತಿರುಗಿಸಿದರು. ನಡುನೀರಿಗೆ ಬಂದಾಗ ಮೋಟಾರು ನಿಲ್ಲಿಸಿದರು. ನೀರು ದೋಣಿಯ ತಳಕ್ಕೆ ಬಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

"ಒಂದು ಮಾತು. ಅವತ್ತು ಮಾರ್ಚಿನಲ್ಲಿ ಟಾರು ಹಚ್ಚಿ ಬಂದಿದ್ದರೆ ಮುಳುಗುತ್ತಿತ್ತಾ?"

ಇದಕ್ಕೆ ಹತ್ತು ಜವಾಬು ಹೇಳಬಲ್ಲೆ. ಹೇಳಿದರೆ ನಂಬಿಸಲೂ ಬಲ್ಲೆ. ಅವರ ಮುಖ ನನ್ನ ಕಡೆಗೇ ಇತ್ತು, ಚೂರು ಪಕ್ಕಕ್ಕೆ.

"ಮುಳುಗ್ತಿರ್ಲಿಲ್ಲ ಸ್ವಾಮಿ."

"ಹೂಂ. ನಾನೂ ಹಾಗೇ ಅಂದುಕೊಂಡಿದ್ದೆ."

ಅಷ್ಟೇ. ಮತ್ತೆ ಮೋಟಾರು ಶುರು ಮಾಡಿದರು. ಏರಿಗೆ ಬರುವಷ್ಟರಲ್ಲಿ ಅದು ಕೆಮ್ಮಿ ನಿಂತಿತು. ಪೆಟ್ರೋಲು ಮುಗಿದಿತ್ತು. ಈಗಿನ ಪೆಟ್ರೋಲಿನ ಬೆಲೆ ನೋಡಿ, ಹೋಗಿ ಬರುವಷ್ಟು ಮಾತ್ರ ಅಳೆದು ತಂದಿದ್ದೆ. ಕರಿಯಯ್ಯ ನೀರಿಗಿಳಿದು ಎಳೆದುಕೊಂಡ.

"ಇನ್ನೊಂದು ಸುತ್ತು ಹೋಗೋಣ" ಅಂದರು ಅಯ್ಯಂಗಾರರು, ಇಳಿಯದೆ.

"ಮುಂದಿನ್ ಬಾನುವಾರ ಬರವ ಸ್ವಾಮಿ, ಒಂದ್ ಡಬ್ಬ ತಂದ್ಬುಟ್ಟು..." ಬಾಯಿ ತಾನಾಗಿ ಹೇಳಿಬಿಟ್ಟಿತು.

ಅವರು ನಕ್ಕರು. "ನಿಮ್ಮ ಮುಂದಿನ ಭಾನುವಾರ ನನಗೆ ಗೊತ್ತು. ಇವತ್ತೇ ಹೋಗೋಣ. ನಾನು ಇಲ್ಲೇ ಕೂತಿರ್ತೀನಿ."

ಬಾಡಿಗೆ ಕಾರು ಆಗಲೇ ಹೋಗಿತ್ತು, ಟ್ರಾಕ್ಟರಿನಲ್ಲಿ ಮಂಡ್ಯಕ್ಕೆ ವಾಪಸಾಗುವಷ್ಟೇ ಡೀಸೆಲ್ಲಿತ್ತು. ದನ ಕಾಯುವವನ ಸೈಕಲ್ಲು ಇಸಿದುಕೊಂಡು ಡಬ್ಬ ಕಟ್ಟಿಕೊಂಡು ಮಳವಳ್ಳಿಗೆ ತುಳಿದೆ. ಸೈಕಲ್ಲು ತುಳಿದು ಎಷ್ಟು ಕಾಲವಾಯಿತೋ. ಬಂಕಿನವನು ಎಲ್ಲಿಗೋ ಹೋಗಿದ್ದ. ಕಾದೆ. ಅವನು ಬಂದವನು ಡಬ್ಬಕ್ಕೆ ಕೊಡುವುದಿಲ್ಲ ಎಂದು ಶುರು ಮಾಡಿದ. ಬೇರೆ ದಿನವಾಗಿದ್ದರೆ ಅವನ ಜೊತೆ ವಾದ ಹೂಡಿ, ಗೆದ್ದು, ಮೀಸೆ ತಿರುವಿಕೊಂಡು ಬರುತ್ತಿದ್ದೆ. ನಿನ್ನೆ ಕೈ ಮುಗಿದೆ. ತುಂಬಿಕೊಟ್ಟ.

ಹಿಂದಿರುಗುವಾಗ ದಾರಿಯಲ್ಲೇ ಬೆಳಕು ಹೋಯಿತು. ಬೆಳದಿಂಗಳಿಲ್ಲ, ಮೇಲೆ ಮೋಡ. ಏರಿ ಹತ್ತುವಾಗ ಅಂದುಕೊಂಡೆ, ಇದೂ ಹೋಯಿತು, ಇನ್ನು ಎಲ್ಲರೂ ಸಾಮಾನು ಕಟ್ಟಿಕೊಂಡು ನಿಂತಿರುತ್ತಾರೆ. ಪಂಕಜಮ್ಮ ಕಲ್ಲಿನ ಮೇಲೆ ಕೂತಿದ್ದರು. ಕರಿಯಯ್ಯ ಟ್ರಾಕ್ಟರಿನ ಹತ್ತಿರ ಬೀಡಿ ಸೇದುತ್ತಿದ್ದ. ಕೆಂಡ ಮಾತ್ರ ಕಾಣುತ್ತಿತ್ತು. ಅಯ್ಯಂಗಾರರು ದೋಣಿ ಬಿಟ್ಟು ಎದ್ದಿರಲಿಲ್ಲ.

ತಡವಿಕೊಂಡು ಟ್ಯಾಂಕಿಗೆ ಸುರಿದೆ. ಅರ್ಧ ಕೈಮೇಲೆ ಹೋಯಿತು.

"ಕತ್ಲಾಗೋಯ್ತಲ್ಲ ಸ್ವಾಮಿ. ನಂಗೆ ಒಂದೂ ಕಾಣಾಕಿಲ್ಲ, ದಾರಿ ಎಂಗ್ ಯೋಳ್ಲಿ?"

"ಹೇಳಬೇಡಿ. ಕರಿಯಯ್ಯ, ನೀನು ಟ್ರಾಕ್ಟರ್ ಎಂಜಿನ್ ಚಾಲೂ ಮಾಡಿಟ್ಟಿರು. ಆ ಸದ್ದು ಹಿಡಿದುಕೊಂಡು ವಾಪಸು ಬರ್ತೀನಿ." ಆಮೇಲೆ ನನ್ನ ಕಡೆಗೆ ಕೈ ಚಾಚಿದರು. "ಹತ್ತಿ."

ಪಂಕಜಮ್ಮ, "ಬೇಡಾಂದ್ರೆ, ನಾಳೆ ನೋಡೋಣ" ಅಂದರು. ಅವರ ದನಿಯಲ್ಲಿ ಗಾಬರಿಯಿತ್ತು. ನನಗೂ ಇತ್ತು. ಹತ್ತಿದೆ.

ಟ್ರಾಕ್ಟರಿನ ಸದ್ದು ನಿಧಾನವಾಗಿ ಹಿಂದಾಯಿತು. ಒಂದು ಕಡೆ ಅವರೇ ಎಡಕ್ಕೆ ತಿರುಗಿಸಿದರು. ಜಾಲಿಬುಡ ಅಲ್ಲೇ ಎಲ್ಲೋ ಇದ್ದಿರಬೇಕು, ತಾಗಲಿಲ್ಲ. ಆಮೇಲೆ ಜೋರಾಗಿ ಬಿಟ್ಟರು. ತಣ್ಣನೆಯ ನೀರು ಮುಖಕ್ಕೆ ಬಡಿಯುತ್ತಿತ್ತು. ದಡ ಯಾವುದು, ನೀರು ಯಾವುದು, ಮೇಲೆ ಯಾವುದು, ನನಗೆ ಒಂದೂ ತಿಳಿಯಲಿಲ್ಲ. ನಾನು ಮಾತು ಕೊಟ್ಟ ಸವಾರಿ ಇದಲ್ಲ. ಅದನ್ನು ಇನ್ನು ಯಾರೂ ಕೊಡಲಾರರು. ಎರಡು ಕೈಯಲ್ಲೂ ಅಂಚು ಹಿಡಿದುಕೊಂಡು ಸುಮ್ಮನೆ ಕೂತೆ.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದರು.

"ಊಂ ಸ್ವಾಮಿ."

"ಮೊದಮೊದಲು ಆಗುತ್ತೆ" ಅಂದರು.